ಒಂದೇ ಕ್ಯಾನಿನ ಹಾಲು

ಜರಡಿಯಿಂದ ಹುರಿಯುವ ಮರಳು ಕೆಳಗಿಳಿದು ಕಾಳು ಮಾತ್ರ ಉಳಿಯುತ್ತ ಬಂದ ಹಾಗೆ ಸದ್ದು ಬದಲಾಗುತ್ತದೆ. ಮೊದಲು ಸರಸರ ಅನ್ನುತ್ತಿದ್ದದ್ದು ಮೆಲ್ಲಗೆ ಗಲಗಲ ಅನ್ನತೊಡಗುತ್ತದೆ. ಗಲಗಲ ಬಂತೆಂದರೆ ಆ ಕಾಳನ್ನು ಗೋಣಿಗೆ ಸುರಿದು, ಡ್ರಮ್ಮಿನಿಂದ ಇನ್ನೊಂದು ಬುಟ್ಟಿ ತೋಡಿಕೊಳ್ಳಬಹುದು. ಹಾಗೆ ತೋಡಿಕೊಳ್ಳಲು ಬಗ್ಗಿದ್ದೆ, ಸೊಸೆ ಖಾಲಿ ಹಾಲಿನ ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡು ಶೆಡ್ಡಿನ ಬಾಗಿಲಲ್ಲಿ ಬಂದು ನಿಂತಳು.

"ಅತ್ತೆ, ಇವತ್ತೂ ಇಳಿದಿದೆ."

"ಏನು ಇಳಿದಿದೆ?"

"ಇನ್ನೇನು, ನನ್ನ ತೂಕವಾ? ಅಷ್ಟು ಪುಣ್ಯ ನಾನೆಲ್ಲಿ ಮಾಡಿದೀನಿ. ಹಾಲಿನ ಫ್ಯಾಟು. ಲೀಟರ್ ಮಾವ ಮುಖ ಊದಿಸಿಕೊಂಡು ಕೂತಿದ್ದಾರೆ."

ಬುಟ್ಟಿ ಕೆಳಗಿಟ್ಟೆ. ಒಂದು ಹಿಡಿ ಕಾಳು ತೆಗೆದುಕೊಂಡು ಹಲ್ಲಿಗೆ ಹಾಕಿ ಕಚ್ಚಿದೆ. ಹೊರಗೆ ಗರಿಗರಿ, ಒಳಗೆ ತಿಳಿ ಹಳದಿ. ಸರಿಯಾಗಿಯೇ ಇತ್ತು. ಸರಿಯಾಗಿಯೇ ಇದೆ ಎಂದು ನನಗೆ ಅನಿಸಿತು.

ಲೀಟರ್ ಮಾವ ಎಂದರೆ ನಮ್ಮ ಹಾಲಿನ ಕೇಂದ್ರದ ಯಜಮಾನರು. ಬಿಸಿಲನ್ನೂ ಮಳೆಯನ್ನೂ ಲೀಟರಿನಲ್ಲಿ ಹೇಳುವ ಮನುಷ್ಯ, ಅದಕ್ಕೇ ಬೀದಿಯವರು ಇಟ್ಟ ಹೆಸರು. ನಾನು ಕಾಳು ಹುರಿಯುತ್ತಿದ್ದ ತಗಡಿನ ಶೆಡ್ಡು ಆ ಕೇಂದ್ರದ ಹಿಂಭಾಗದಲ್ಲಿತ್ತು. ಒಂದು ಹಳೆಯ ಎಣ್ಣೆ ಡ್ರಮ್ಮನ್ನು ಅಡ್ಡ ಮಲಗಿಸಿ, ಹಿಡಿಕೆ ಬೆಸೆದು, ಕೆಳಗೆ ಒಲೆ ಹಾಕಿದ್ದೆವು. ಪಕ್ಕದಲ್ಲಿ ಕಾಳು ಒಡೆಯುವ ಬೀಸುಕಲ್ಲು. ಇದ್ದದ್ದು ಅಷ್ಟೇ.

ನಮ್ಮ ಬೀದಿಯ ಹಸುಗಳೆಲ್ಲ ತಿನ್ನುತ್ತಿದ್ದದ್ದು ದೂರದಿಂದ ಲಾರಿಯಲ್ಲಿ ಬರುವ ಹಿಂಡಿಯನ್ನು. ಲಾರಿ ತಡವಾದರೆ ಕೊಟ್ಟಿಗೆಗಳೆಲ್ಲ ಅಂಬಾ ಎನ್ನುತ್ತಿದ್ದವು. ಮಳೆಗಾಲದಲ್ಲಿ ಮೂಟೆ ಬಿಚ್ಚಿದರೆ ಬೂಷ್ಟು. ನಾನೊಬ್ಬಳು ಮಾತ್ರ ನನ್ನ ಅತ್ತೆ ತೋರಿಸಿಕೊಟ್ಟ ಹಾಗೆ ಹೊಲದ ಅಂಚಿನಲ್ಲಿ ಅಲಸಂದೆ ಹಾಕಿ, ಒಣಗಿದ ಕಾಳನ್ನು ಹುರಿದು, ನುಚ್ಚು ಮಾಡಿ, ಬೂಸಾದ ಜೊತೆ ಕಲಸಿ ಹಸುವಿಗೆ ಇಡುತ್ತಿದ್ದೆ. ಬಳ್ಳಿ ಮಣ್ಣಿಗೆ ಒಳ್ಳೆಯದು, ಹೊಟ್ಟು ಕರುವಿಗೆ ಒಳ್ಳೆಯದು, ಕಾಳು ಹಾಲಿಗೆ ಒಳ್ಳೆಯದು. ಎಷ್ಟೋ ವರ್ಷ ಹೇಳಿದೆ. ಹಿತ್ತಲ ಗಿಡ ಮದ್ದಲ್ಲವಲ್ಲ, ಯಾರು ಕೇಳಬೇಕು? "ಕಾಳು ಹಾಕಿದರೆ ಹಸು ಹಾಲು ಕೊಡಲ್ಲ, ಲೆಕ್ಚರ್ ಕೊಡುತ್ತೆ" ಎಂದು ಟೈಲರಮ್ಮ ನಗುತ್ತಿದ್ದಳು.

ಕೊನೆಗೆ ಹಸುವಿನ ಡಾಕ್ಟರಮ್ಮ ಒಂದು ದಿನ ನನ್ನ ಕೊಟ್ಟಿಗೆಯಲ್ಲಿ ನಿಂತು, ಹಸುವಿನ ಮೈ ಸವರಿ, ಇದನ್ನು ಬೀದಿಯಲ್ಲೇ ಮಾಡಿ ನೋಡಬಾರದೇಕೆ ಎಂದರು. ಲೀಟರ್ ಮಾವ ಒಪ್ಪಿದರು. ಐದು ಮನೆಯವರು ಸುಗ್ಗಿಯಿಂದ ಮಳೆಯವರೆಗೆ ಹಿಂಡಿ ಬಿಟ್ಟು ನಾನು ಹುರಿದ ಕಾಳು ಹಾಕಬೇಕು. ಹಾಲು ಇಳಿಯದೆ ಇದ್ದಷ್ಟೇ ಇದ್ದರೆ ಶೆಡ್ಡು ನಮಗೇ, ಜೊತೆಗೆ ಕೇಂದ್ರದ ಹಿಂದಿನ ಬೀಳು ಜಾಗವೂ ಅಲಸಂದೆಗೆ. ಆಮೇಲೆ ಇಡೀ ಬೀದಿಯ ಹಸುಗಳಿಗೆ ನಮ್ಮದೇ ಮಣ್ಣಿನ ಮೇವು. ಹಾಲು ಇಳಿದರೆ ಮಾತ್ರ ಶೆಡ್ಡು ಹಿಂಡಿ ಸಾಹುಕಾರರ ಗೋದಾಮಾಗುತ್ತದೆ. ಅವರು ಅದರ ಮೇಲೆ ಕಣ್ಣಿಟ್ಟು ಬಹಳ ಕಾಲವಾಗಿತ್ತು.

ನಮ್ಮದೂ ಸೇರಿ ನಾಲ್ಕು ಮನೆ ಸುಲಭವಾಗಿ ಸಿಕ್ಕವು. ಐದನೆಯದು ನನ್ನ ತಂಗಿಯ ಮನೆ. ಉಳಿದ ನಾಲ್ಕೂ ಮನೆಯ ಹಸು ಸೇರಿಸಿದರೆ ಎಷ್ಟೋ ಅಷ್ಟು ಅವಳೊಬ್ಬಳ ಕೊಟ್ಟಿಗೆಯಲ್ಲಿ. ಅಮ್ಮ ಹೋದಾಗ ಅವಳಿಗೆ ಇನ್ನೂ ಹಾಲುಹಲ್ಲು. ನನ್ನ ಸೊಂಟದ ಮೇಲೆ ಬೆಳೆದವಳು. ಗುಬ್ಬಿ ಎಂದು ಕರೆದದ್ದು ನಾನೇ, ಈಗಲೂ ನನಗೆ ಗುಬ್ಬಿಯೇ. ಅವಳು ಬರುವುದಿಲ್ಲ ಎಂದುಕೊಂಡಿದ್ದೆ. ತಾನಾಗಿ ಬಂದಳು.

"ನಿನ್ನ ಮಾತು ನಾನು ಕೇಳದೆ ಇನ್ಯಾರು ಕೇಳಬೇಕು ಅಕ್ಕ?" ಎಂದಳು. "ಆದರೆ ಒಂದು ಮಾತು. ಐದು ಮನೆ ಹಾಲೂ ಒಂದೇ ಕ್ಯಾನಿಗೆ ಸುರಿಯೋಣ. ಬೇರೆ ಬೇರೆ ಅಳೆದರೆ ನಿನ್ನದು ಹೆಚ್ಚು ನನ್ನದು ಕಡಿಮೆ ಅಂತ ಹೆಂಗಸರು ಜುಟ್ಟು ಹಿಡೀತಾರೆ. ಒಟ್ಟಿಗೆ ಗೆದ್ದರೆ ಒಟ್ಟಿಗೆ, ಬಿದ್ದರೆ ಒಟ್ಟಿಗೆ."

ಅದು ಎಷ್ಟು ಚೆಂದದ ಮಾತು ಅನಿಸಿತು ನನಗೆ. ಸೆರಗಿನಿಂದ ಕಣ್ಣೊರೆಸಿಕೊಂಡೆ. ಲೀಟರ್ ಮಾವ ಕೂಡ, "ತಂಗಿ ಅಂದರೆ ಹೀಗಿರಬೇಕು" ಎಂದರು. ಅಂದಿನಿಂದ ಐದು ಮನೆಯ ಹಾಲು ಒಂದೇ ಕ್ಯಾನಿಗೆ ಬಿತ್ತು. ಫ್ಯಾಟಿನ ಪರೀಕ್ಷೆಯೂ ಒಂದೇ ಸಲ, ಆ ಕ್ಯಾನಿಗೆ.

ಸುಗ್ಗಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಆ ಕ್ಯಾನು ಇಳಿಯತೊಡಗಿತು. ಸೊಸೆ ಬಂದು ಹೇಳಿದ ದಿನ ನಾನು ಉರಿ ಇನ್ನೂ ಸಣ್ಣಗೆ ಮಾಡಿದೆ. ಆದರೂ ಇಳಿಯಿತು. ಮರಳು ಬದಲಾಯಿಸಿದೆ, ಕಾಳನ್ನು ನೆರಳಲ್ಲಿ ಆರಿಸಿದೆ, ನುಚ್ಚನ್ನು ದಪ್ಪ ಮಾಡಿದೆ. ಕ್ಯಾನು ಮಾತ್ರ ಹಠ ಹಿಡಿದ ಮಗುವಿನ ಹಾಗೆ ಏಳಲೇ ಇಲ್ಲ.

ಮಳೆಗೆ ಮುಂಚೆ ಕೇಂದ್ರದಲ್ಲಿ ಎಲ್ಲರನ್ನೂ ಕೂರಿಸಿದರು. ಹಾಲು ಅಳೆಯುವ ಮೇಜಿನ ಹಿಂದೆ ಲೀಟರ್ ಮಾವ. ಬೆಂಚಿನ ಒಂದು ತುದಿಯಲ್ಲಿ ಹಿಂಡಿ ಸಾಹುಕಾರರು, ಸುಮ್ಮನೆ ಬಂದು ಹೋಗುವವರ ಹಾಗೆ.

"ಲೀಟರೂ ಇಳಿದಿದೆ, ಫ್ಯಾಟೂ ಇಳಿದಿದೆ" ಎಂದರು ಲೀಟರ್ ಮಾವ. "ಇನ್ನು ನಾನೇನು ಹೇಳಲಿ?"

"ನಮ್ಮನೆ ಹಸು ಚೆನ್ನಾಗೇ ಕೊಡ್ತಿದೆಯಪ್ಪ" ಎಂದಳು ಟೈಲರಮ್ಮ. "ಮೊದಲಿಗಿಂತ ಗಟ್ಟಿ. ಕೆನೆ ತೆಗೆಯೋಕೆ ಚಮಚ ಸಾಲಲ್ಲ."

"ಎಲ್ಲರೂ ಹಾಗೇ ಅಂತೀರಾ. ಕ್ಯಾನು ಬೇರೆ ಹೇಳುತ್ತಲ್ಲಮ್ಮ."

"ಹಂಗಾದ್ರೆ ಕ್ಯಾನನ್ನೇ ಕೇಳಿ, ನನ್ನನ್ನ್ಯಾಕೆ ಕೇಳ್ತೀರಾ?"

ಜನ ನಕ್ಕರು. ಆಗ ಗುಬ್ಬಿ ಎದ್ದು ನಿಂತಳು. ನನ್ನ ಪಕ್ಕದಲ್ಲೇ ಕೂತಿದ್ದವಳು, ಏಳುವಾಗ ನನ್ನ ಭುಜ ಹಿಡಿದುಕೊಂಡೇ ಎದ್ದಳು.

"ಇಳಿದಿರೋದು ನಮ್ಮನೇಲಿ" ಎಂದಳು. "ಮುಚ್ಚಿಡೋದ್ಯಾಕೆ? ನನ್ನ ಪಾತ್ರೆ ಅರ್ಧ ಆಗಿರೋದನ್ನ ಎಲ್ಲರೂ ನೋಡಿದೀರಿ. ನನ್ನ ಹಸು ಜಾಸ್ತಿ, ತಿಂದಿದ್ದೂ ಜಾಸ್ತಿ, ಕೆಟ್ಟಿದ್ದೂ ಜಾಸ್ತಿ. ನಿಮ್ಮನೇಲಿ ನಾಳೆ ಇಳಿಯುತ್ತೆ. ನಮ್ಮಕ್ಕ ದೇವರಂಥೋಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಯಸ್ಸಾಯ್ತು. ಕಣ್ಣು ಮಂಜು. ಕಾಳು ಸೀದಿದ್ದು ಗೊತ್ತಾಗಲ್ಲ ಅವಳಿಗೆ. ಅವಳ ಮೇಲೆ ಇಷ್ಟು ಭಾರ ಹಾಕಿದ್ದೇ ನಮ್ಮ ತಪ್ಪು."

ಎಲ್ಲರೂ ನನ್ನ ಕಡೆ ನೋಡಿದರು. ಬೈದಿದ್ದರೆ ಎದುರು ಮಾತು ಸಿಗುತ್ತಿತ್ತು. ಕರುಣೆಗೆ ಎದುರು ಮಾತು ಎಲ್ಲಿಂದ ತರಲಿ? ಹೆಚ್ಚು ಹುರಿದ ಕಾಳು ಹಸುವಿನ ಹೊಟ್ಟೆಗೆ ಕಲ್ಲಾಗಿ ಹೋಗಿ ಕಲ್ಲಾಗಿಯೇ ಬರುತ್ತದೆ ಎಂದು ಡಾಕ್ಟರಮ್ಮ ನನಗೆ ಮೊದಲೇ ಹೇಳಿದ್ದರು. ಹೌದೇನೋ, ನನ್ನ ಕಣ್ಣೇ ಮೋಸ ಮಾಡಿತೇನೋ ಅನಿಸಿತು. ತಲೆ ತಗ್ಗಿಸಿದೆ. ನನ್ನ ತಲೆ ತಗ್ಗಿದ್ದನ್ನೇ ಒಪ್ಪಿಗೆ ಎಂದುಕೊಂಡರು.

ಆ ವಾರವೇ ಡ್ರಮ್ಮನ್ನು ಹೊರಗೆ ಉರುಳಿಸಿದರು. ಶೆಡ್ಡಿನಲ್ಲಿ ಹಿಂಡಿ ಮೂಟೆ ಚಾವಣಿ ಮುಟ್ಟಿತು. ಮೂಟೆಗಳ ಮುಂದೆ ಮೇಜು, ಮೇಜಿನ ಹಿಂದೆ ಗುಬ್ಬಿಯ ಮಗ. ಎಲ್ಲೂ ನಿಲ್ಲದ ಹುಡುಗ, ಕೈಹಾಕಿದ ಕೆಲಸವೆಲ್ಲ ಅರ್ಧಕ್ಕೇ ಬಿಟ್ಟವನು, ಈಗ ಗೋದಾಮಿನ ಜವಾಬ್ದಾರ. ಸ್ವಲ್ಪ ದಿನಕ್ಕೇ ಸಾಹುಕಾರರ ಮಗಳ ಜೊತೆ ಅವನ ಮದುವೆಯೂ ಗೊತ್ತಾಯಿತು. ನನಗೆ ಸಂತೋಷವೇ ಆಯಿತು. ಹೋಗಲಿ, ನನ್ನ ಸೋಲಿನಿಂದ ಹುಡುಗನಿಗಾದರೂ ಒಂದು ನೆಲೆ ಸಿಕ್ಕಿತಲ್ಲ ಎಂದು ಸೊಸೆಗೆ ಹೇಳಿದೆ.

ಸೊಸೆ ಪಾತ್ರೆ ಉಜ್ಜುತ್ತಿದ್ದವಳು ತಲೆ ಎತ್ತಲಿಲ್ಲ. "ನಿಮ್ಮ ಹೊಟ್ಟೆ ದೊಡ್ಡದು ಅತ್ತೆ. ಹಸುವಿಗಿರೋ ಹಾಗೆ ನಾಲ್ಕು ಕೋಣೆ ಇರಬೇಕು" ಎಂದಳು.

ಡಾಕ್ಟರಮ್ಮ ಬೈಕಿನಲ್ಲಿ ಬಂದದ್ದು ಆಮೇಲೆ. ಹೆಲ್ಮೆಟ್ಟು ತೆಗೆಯುತ್ತ ನಮ್ಮ ಜಗಲಿಯಲ್ಲೇ ಕೂತರು.

"ಅಜ್ಜಿ, ಏನಾಯ್ತು ಅಂತ ನೀವೇ ಒಂದು ಕಾಗದ ಬರೆದು ಕಳಿಸಿ. ದೊಡ್ಡ ಆಫೀಸಿನವರು ಕೇಳ್ತಿದ್ದಾರೆ. ಇನ್ನೂ ಎರಡು ಕಡೆ ಕಾಳು ಹಾಕಿಸೋಣ ಅಂತಿದ್ವಿ. ಇಲ್ಲೇ ಕೆಟ್ಟಿತು ಅಂದಮೇಲೆ ಕೈಬಿಡೋಣ ಅಂತಾರೆ ಅವರು. ನಿಮ್ಮ ಕಾಗದ ನೋಡಿ ತೀರ್ಮಾನ ಮಾಡ್ತಾರೆ."

"ನಾನು ಬರೀಬೇಕಾ? ನೀವು ಓದಿದವರು."

"ಹುರಿದವರು ನೀವು ತಾನೆ?"

ಅಂಚೆಚೀಟಿ ಹಚ್ಚಿ ವಿಳಾಸ ಬರೆದಿದ್ದ ಲಕೋಟೆಯೊಂದನ್ನು ಕೈಗೆ ಕೊಟ್ಟು ಹೋದರು. ಕೂದಲು ನರೆತ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ತಿದ್ದಿದವಳು ನಾನು. ಬರೆಯುವುದು ನಿಧಾನ. ಆದರೆ ಬರೆದದ್ದು ನಿಜವಿರಬೇಕು ಎಂಬುದು ಅಕ್ಷರಕ್ಕಿಂತ ಮೊದಲೇ ಗೊತ್ತಿತ್ತು. ಹಾಗಾಗಿ, ತಪ್ಪು ನನ್ನದೇ ಆದರೆ ಎಲ್ಲಿ ತಪ್ಪಿತು ಎಂದು ಮೊದಲು ಕಂಡುಹಿಡಿಯಬೇಕು ಅನಿಸಿತು.

ಮನೆಯ ಒಲೆಯ ಮೇಲೆ ಕಬ್ಬಿಣದ ಬಾಣಲೆ ಇಟ್ಟು ಅಲಸಂದೆಯನ್ನು ಮೂರು ಹದದಲ್ಲಿ ಹುರಿದೆ. ಒಂದು ಎಳೆ ಹದ, ಒಂದು ನನ್ನ ಯಾವಾಗಿನ ಹದ, ಒಂದನ್ನು ಬೇಕೆಂದೇ ಸೀಯಿಸಿದೆ. ಮೂರು ಬಟ್ಟೆಯ ಗಂಟು ಕಟ್ಟಿಕೊಂಡು ಐದೂ ಮನೆಯ ಕೊಟ್ಟಿಗೆಗೆ ಹೊರಟೆ. ಹಸುವಿನ ಮುಂದಿಟ್ಟರೆ ಅದೇ ಹೇಳುತ್ತದೆ, ಯಾವುದು ಬೇಕು ಯಾವುದು ಬೇಡ ಎಂದು.

ಟೈಲರಮ್ಮನ ಹಸು ನಾನು ಗಂಟು ಬಿಚ್ಚುವ ಮೊದಲೇ ಹಗ್ಗ ಜಗ್ಗಿತು. ಕಾಳಿನ ಸದ್ದಿಗೇ ನಾಲಿಗೆ ಹೊರಗೆ. ಸೀದದ್ದನ್ನೂ ಬಿಡಲಿಲ್ಲ, ಬಟ್ಟೆಯನ್ನೂ ಬಾಯಿಗೆಳೆದುಕೊಂಡಿತು. "ನೋಡಿ, ಹಿಂಡಿ ಹಾಕಿದಾಗಿಂದ ಹಸಿದ ಅಳಿಯನ ಹಾಗೆ ಮುಖ ಮಾಡ್ಕೊಂಡಿದೆ" ಎಂದಳು ಟೈಲರಮ್ಮ. ಎರಡನೆಯ ಮನೆ, ಮೂರನೆಯ ಮನೆ, ನಮ್ಮ ಮನೆ, ಎಲ್ಲ ಕಡೆಯೂ ಅದೇ. ಎಲ್ಲರ ಗೋದಲಿಯ ಹಲಗೆ ಸಂದುಗಳಲ್ಲೂ ಹಳೆಯ ಕಾಳಿನ ನುಚ್ಚು ಸಿಕ್ಕಿಕೊಂಡಿತ್ತು. ಬೆರಳಿನಿಂದ ಕೆದಕಿ ನೋಡಿದೆ. ಯಾವುದೂ ಸೀದಿರಲಿಲ್ಲ.

ಕೊನೆಗೆ ಗುಬ್ಬಿಯ ಮನೆ. ಅವಳು ಮದುವೆಯ ಬಟ್ಟೆ ತರಲು ಹೋಗಿದ್ದಳು. ಬಾಗಿಲಿಗೆ ಬೀಗ. ಹಿತ್ತಲ ಕೊಟ್ಟಿಗೆಗೆ ಬೀಗ ಇರಲಿಲ್ಲ, ಇದ್ದರೂ ನನಗೆ ಅದು ಬೇರೆಯವರ ಮನೆಯಲ್ಲ. ಮುಂದೆಯೇ ಮಚ್ಚೆ ನಿಂತಿದ್ದಳು. ಹಣೆಯ ಮೇಲೆ ಬಿಳಿ ಚುಕ್ಕೆಯ ಹಸು. ಅವಳು ಹುಟ್ಟುವಾಗ ಕಾಲು ಹಿಡಿದು ಎಳೆದದ್ದು ನನ್ನ ಕೈ.

ನನ್ನ ಯಾವಾಗಿನ ಹದದ ಗಂಟನ್ನೇ ಬಿಚ್ಚಿ ಅಂಗೈಯಲ್ಲಿ ಹಿಡಿದೆ. ಮಚ್ಚೆ ಕತ್ತು ಚಾಚಿದಳು. ಮೂಸಿದಳು. ಕಿವಿ ಮುಂದೆ ಮಾಡಿ ಹಿಂದೆ ಸರಿದಳು. ಮತ್ತೆ ಕತ್ತು ಚಾಚಿ ಮೂಸಿ, ಪುಸ್ ಎಂದು ಊದಿದಳು. ಕಾಳು ನೆಲದ ಮೇಲೆಲ್ಲ ಹಾರಿತು. ಆಮೇಲೆ ನನ್ನ ಮಣಿಕಟ್ಟನ್ನು ನೆಕ್ಕಿದಳು, ಉಪ್ಪಿಗೆ.

ಬೇಡದ್ದನ್ನು ಕಂಡ ಹಸು ಬೇರೆ, ಗೊತ್ತಿಲ್ಲದ್ದನ್ನು ಕಂಡ ಹಸು ಬೇರೆ. ತಿಂದು ಕೆಟ್ಟದ್ದಾಗಿದ್ದರೆ ಒಂದೇ ಸಲಕ್ಕೆ ಮುಖ ತಿರುಗಿಸುತ್ತದೆ. ಮೂಸಿ, ಹೆದರಿ, ಮತ್ತೆ ಮೂಸುವುದು ಹೊಸದನ್ನು. ಪಕ್ಕದ ಹಸುವಿಗೆ ಹಿಡಿದೆ. ಅದೂ ಹಾಗೆಯೇ. ಅದರಾಚೆಯದೂ ಹಾಗೆಯೇ. ಇಡೀ ಕೊಟ್ಟಿಗೆಯಲ್ಲಿ ಒಂದು ಹಸುವಿಗೂ ಅಲಸಂದೆಯ ಪರಿಚಯ ಇರಲಿಲ್ಲ. ಗೋದಲಿಗೆ ಬಗ್ಗಿ ಸಂದುಗಳಲ್ಲಿ ಬೆರಳಾಡಿಸಿದೆ. ಒಣ ಹುಲ್ಲು ಬಂತು. ಮತ್ತೆ ಒಣ ಹುಲ್ಲು. ಒಂದು ಚೂರು ಕಾಳಿಲ್ಲ.

ಸುಗ್ಗಿಯಿಂದ ಮಳೆಯವರೆಗೆ ನಾನು ಹುರಿದು ಕಳಿಸಿದ ಗೋಣಿಗಳೆಲ್ಲ ಎಲ್ಲಿಗೆ ಹೋದವು?

ಮನೆಗೆ ಬರುವ ದಾರಿಯಲ್ಲಿ ಮೇಕೆಯಣ್ಣ ಸಿಕ್ಕಿದ. ಬೀದಿಯ ಮೇಕೆಗಳನ್ನೆಲ್ಲ ಮೇಯಿಸುವವನು. ಅವನ ಸ್ವಂತ ಮೇಕೆಗಳು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಮರಿಗಳು ಒಂದೊಂದೂ ಚೆಂಡಿನಂತಿದ್ದವು.

"ಏನಣ್ಣ, ನಿನ್ನ ಮೇಕೆಗಳಿಗೆ ದೃಷ್ಟಿ ತೆಗೀಬೇಕಲ್ಲ" ಎಂದೆ.

"ಎಲ್ಲ ನಿಮ್ಮ ಕೈಗುಣ ಅಮ್ಮ! ನಿಮ್ಮ ತಂಗಿಯೋರು ಕಳಿಸ್ತಿದ್ರಲ್ಲ ಹುರಿದ ಕಾಳು, ಗೋಣಿ ಗೋಣಿ. ಹಸು ತಿಂದು ಮಿಕ್ಕಿದ್ದು ತಗೊಂಡು ಹೋಗು ಅಂದ್ರು. ನಾನು ಸ್ವಲ್ಪ ಸ್ವಲ್ಪವೇ ಹಾಕಿದೆ, ಮೊದಲು ಒಂದೊಂದು ಹಿಡಿ, ಆಮೇಲೆ ಬೊಗಸೆ. ಈಗ ನಿಂತೋಯ್ತು. ಈ ನನ್ನ ಮಕ್ಕಳು ಸೊಪ್ಪು ಹಾಕಿದರೆ ನನ್ನನ್ನೇ ಗುರಾಯಿಸ್ತಾವೆ."

ಅವನು ನಕ್ಕ. ನಾನೂ ನಕ್ಕೆನೋ ಏನೋ. ಬೇಲಿಯೇ ಎದ್ದು ಹೊಲ ಮೇಯಿತು ಎನ್ನುವ ಮಾತನ್ನು ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದೆ. ನನ್ನ ಬೇಲಿಗೆ ಕಾಲಿದೆ ಎಂದು ಯೋಚಿಸಿರಲಿಲ್ಲ.

ಮಾರನೆಯ ದಿನ ಗುಬ್ಬಿಯ ಅಡಿಗೆಮನೆಯಲ್ಲಿ ಕೂತೆ. ಅವಳು ಸಿಂಕಿನ ಮುಂದೆ ಲೋಟ ತೊಳೆಯುತ್ತಿದ್ದಳು.

"ನಿನ್ನ ಹಸುಗಳು ಕಾಳು ತಿಂದೇ ಇಲ್ಲ ಗುಬ್ಬಿ."

"ಯಾರು ಹೇಳಿದ್ದು?"

"ಮಚ್ಚೆ."

"ಹುಚ್ಚು ಹಿಡಿದಿದೆ ನಿನಗೆ."

"ಮೇಕೆಯಣ್ಣನೂ ಹೇಳಿದ. ಅವನಿಗೆ ಪಾಪ, ತಾನು ಏನು ಹೇಳ್ತಿದೀನಿ ಅಂತ ಗೊತ್ತಿಲ್ಲ."

ಲೋಟ ಉಜ್ಜುವ ಕೈ ನಿಂತಿತು. ನಲ್ಲಿ ಸುರಿಯುತ್ತಲೇ ಇತ್ತು. ಬೆನ್ನು ನನ್ನ ಕಡೆಗೇ ಇಟ್ಟುಕೊಂಡು ಮಾತಾಡಿದಳು.

"ಅವನಿಗೆ ಯಾರು ಹೆಣ್ಣು ಕೊಡ್ತಿದ್ರು ಅಕ್ಕ? ಯಾರು ಕೆಲಸ ಕೊಡ್ತಿದ್ರು? ಸಾಹುಕಾರರು ಹೇಳಿದ್ರು, ಶೆಡ್ಡು ಸಿಕ್ಕಿದರೆ ಗೋದಾಮು ಅಂತ ಒಂದಾಗುತ್ತೆ, ಅದಕ್ಕೆ ಒಬ್ಬ ಮನುಷ್ಯ ಬೇಕಾಗುತ್ತೆ ಅಂತ. ಅಷ್ಟೇ ಹೇಳಿದ್ದು. ಉಳಿದಿದ್ದು ನನಗೇ ಅರ್ಥ ಆಯ್ತು."

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ದರೆ ಬಿಟ್ಟುಕೊಡ್ತಿದ್ಯಾ?"

"ಗೊತ್ತಿಲ್ಲ. ಕೇಳಿದ್ದರೆ ತಾನೆ ನನಗೂ ಗೊತ್ತಾಗೋದು?"

ಅವಳು ಇನ್ನೊಂದು ಲೋಟ ಕೈಗೆತ್ತಿಕೊಂಡಳು.

"ಒಂದೇ ಕ್ಯಾನಿಗೆ ಸುರಿಯೋಣ ಅಂದ್ಯಲ್ಲ" ಎಂದೆ. "ಆವತ್ತೇ ಇದು ನಿನ್ನ ಮನಸ್ಸಲ್ಲಿತ್ತಾ?"

ಗುಬ್ಬಿ ನಲ್ಲಿಯನ್ನು ಇನ್ನೂ ಜೋರಾಗಿ ತಿರುಗಿಸಿದಳು, ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಕಾಳು ಹೋದದ್ದು, ಶೆಡ್ಡು ಹೋದದ್ದು, ಎಲ್ಲವನ್ನೂ ಹೇಗೋ ತಾಳಿಕೊಳ್ಳಬಹುದಿತ್ತು. ಆ ದಿನ ಅವಳ ಮಾತಿಗೆ ನಾನು ಕಣ್ಣೊರೆಸಿಕೊಂಡದ್ದನ್ನು ಅವಳು ನೋಡುತ್ತ ನಿಂತಿದ್ದಳಲ್ಲ, ಅದನ್ನು ಮಾತ್ರ ತಾಳಿಕೊಳ್ಳಲಾಗಲಿಲ್ಲ.

"ನೀನು ಡಾಕ್ಟರಮ್ಮನಿಗೆ ಕಾಗದ ಬರೀತೀಯಂತೆ" ಎಂದಳು ಆಮೇಲೆ, ಸೆರಗಿಗೆ ಕೈ ಒರೆಸುತ್ತ. "ಕಾಳು ಹಸುಗಳಿಗೆ ಒಗ್ಗಲಿಲ್ಲ ಅಂತ ಒಂದು ಸಾಲು ಬರೆದುಬಿಡು ಅಕ್ಕ. ಎಲ್ಲರಿಗೂ ನೆಮ್ಮದಿ. ಹಸು ಹಿಂಡಿ ತಿಂದರೇನು, ಕಾಳು ತಿಂದರೇನು? ಹುಡುಗನ ಬಾಳು ಅದು."

"ಬೇರೆ ಎರಡು ಕಡೆಯ ಜನ ಕಾಯ್ತಿದ್ದಾರೆ ಗುಬ್ಬಿ. ನನ್ನ ಒಂದು ಸುಳ್ಳಿಗೆ ಅವರ ಮಣ್ಣಲ್ಲೂ ಇದು ಏಳಲ್ಲ."

"ಅವರು ಯಾರೋ. ಇವನು ನಿನ್ನ ಮಗನ ಹಾಗಲ್ವಾ?"

ಹೌದು, ಮಗನ ಹಾಗೆಯೇ. ದೊಡ್ಡಮ್ಮ ಎಂದು ಕರೆಯುತ್ತ ನನ್ನ ಮಡಿಲಲ್ಲಿ ಮಲಗಿದವನು.

"ಮದುವೆ ಮುಗೀಲಿ" ಎಂದೆ. "ಅದಕ್ಕೆ ಕಲ್ಲು ಹಾಕೋಳಲ್ಲ ನಾನು. ಆಮೇಲೆ ನೀನೇ ಬಂದು ಲೀಟರ್ ಮಾವನಿಗೆ ಒಂದು ಮಾತು ಹೇಳು. ನಿನ್ನ ಬಾಯಿಂದಲೇ ಬಂದರೆ ಮರ್ಯಾದೆ. ಅಲ್ಲಿತನಕ ನಾನು ಕಾಗದ ಕಳಿಸಲ್ಲ."

"ಹೇಳ್ತೀನಿ" ಎಂದಳು. ನನ್ನ ಕೈ ಹಿಡಿದುಕೊಂಡಳು. ಅವಳ ಕೈ ಸಾಬೂನಿನಿಂದ ಜಾರುತ್ತಿತ್ತು.

ಕಾಗದ ಬರೆಯಲು ಕೂತೆ. ಮಧ್ಯಾಹ್ನ ಹಸುಗಳು ಮಲಗಿ ಮೆಲುಕು ಹಾಕುವ ಹೊತ್ತಿನಲ್ಲಿ ಜಗಲಿಯ ಮೇಲೆ ಕೂತು ಒಂದೊಂದೇ ಸಾಲು ಬರೆದೆ. ಹೇಗೆ ಹುರಿದೆ, ಹೇಗೆ ಒಡೆದೆ, ಎಷ್ಟರಿಂದ ಶುರುಮಾಡಿ ಎಷ್ಟಕ್ಕೆ ಏರಿಸಿದೆವು, ಎಲ್ಲ ಬಂತು. ನಾಲ್ಕು ಮನೆಯ ಹಸುಗಳು ಚೆನ್ನಾಗಿ ತಿಂದು ಚೆನ್ನಾಗಿ ಕರೆದವು ಎಂದೂ ಬರೆದೆ. ಐದನೆಯ ಮನೆಯ ಹತ್ತಿರ ಬಂದು ಪೆನ್ನು ನಿಂತಿತು. ಅಲ್ಲಿ ಜಾಗ ಬಿಟ್ಟು ಕಾಗದ ಮಡಿಸಿ ಲಕೋಟೆಗೆ ಹಾಕಿ, ಬಾಯಿ ಅಂಟಿಸದೆ ಗೋಡೆಯ ಕನ್ನಡಿಯ ಹಿಂದೆ ಸಿಕ್ಕಿಸಿದೆ.

ಬೀದಿಯಲ್ಲಿ ನನ್ನ ದಾರಿ ಕಿರಿದಾಯಿತು. ಹಾಲು ಹಾಕಲು ಹೋದರೆ ಹೆಂಗಸರು ಜಾಗ ಬಿಡುತ್ತಿದ್ದರು, ಅಜ್ಜಿಗೆ ಕಣ್ಣು ಕಾಣುವುದಿಲ್ಲ, ಮೆಟ್ಟಿಲು ನೋಡಿಕೊಂಡು ಬನ್ನಿ ಎನ್ನುತ್ತಿದ್ದರು. ನನ್ನ ಕಣ್ಣಿಗೆ ಎಲ್ಲ ಕಾಣುತ್ತಿತ್ತು. ಸೊಸೆಗೆ ನಾನು ಏನೂ ಹೇಳಿರಲಿಲ್ಲ. ಆದರೆ ಕನ್ನಡಿ ನೋಡಿಕೊಂಡಾಗಲೆಲ್ಲ ಲಕೋಟೆಯ ಮೂಲೆ ಅವಳ ಕಣ್ಣಿಗೆ ಬೀಳುತ್ತಿತ್ತು.

"ಅತ್ತೆ, ಆ ಕಾಗದಕ್ಕೆ ಇನ್ನೇನು ಮೊಳಕೆ ಬರುತ್ತೆ" ಎನ್ನುವಳು. "ಡಾಕ್ಟರಮ್ಮ ಎರಡು ಸಲ ಫೋನು ಮಾಡಿದ್ರು. ಏನು ಹೇಳಲಿ?"

"ಬರೀತಿದಾರೆ ಅಂತ ಹೇಳು."

"ಮಹಾಕಾವ್ಯ ಅಂತ ಹೇಳ್ತೀನಿ."

ಮದುವೆಯ ದಿನ ಬಂತು. ದೊಡ್ಡ ಛತ್ರ, ಸಾಲು ಸಾಲು ಕುರ್ಚಿ, ಎಲ್ಲೆಲ್ಲೂ ದೀಪ. ಹುಡುಗ ಚೆನ್ನಾಗಿ ಕಾಣುತ್ತಿದ್ದ. ನನ್ನ ಕಾಲಿಗೆ ಬಗ್ಗಿದಾಗ ಮನಸ್ಸು ತುಂಬಿ ತಲೆ ಸವರಿದೆ. ಊಟವಾದ ಮೇಲೆ ಗುಬ್ಬಿ ನನ್ನ ಕೈ ಹಿಡಿದು ಬೀಗರು ಕೂತಿದ್ದ ಕಡೆಗೆ ಕರೆದುಕೊಂಡು ಹೋದಳು. ಸಾಹುಕಾರರು, ಅವರ ಹೆಂಡತಿ, ದೂರದೂರದ ನೆಂಟರು.

"ಇವಳೇ ನಮ್ಮಕ್ಕ" ಎಂದಳು ಗುಬ್ಬಿ, ಗಟ್ಟಿಯಾಗಿ. "ಹೇಳಿದ್ನಲ್ಲ, ಕಾಳು ಹುರಿದು ಹಾಕಿ ಬೀದಿ ಹಾಲನ್ನೆಲ್ಲ ಬತ್ತಿಸಿದೋಳು!"

ಎಲ್ಲರೂ ಘೊಳ್ಳೆಂದು ನಕ್ಕರು. ಸಾಹುಕಾರರು, "ಕಾಳು ತಿಂದ ಹಸು ಹಾಲು ಕೊಡಲ್ಲಮ್ಮ, ಗಾಳಿ ಬಿಡುತ್ತೆ!" ಎಂದು ಒಗ್ಗರಣೆ ಹಾಕಿದರು. ನಗು ಇನ್ನೂ ಎದ್ದಿತು. ಎಲ್ಲರಿಗಿಂತ ಜೋರು ನಗು ಗುಬ್ಬಿಯದು. ನಗುತ್ತಾ ನನ್ನ ಕೈಯನ್ನು ಪ್ರೀತಿಯಿಂದ ಒತ್ತುತ್ತಿದ್ದಳು. ಅವಳ ಕಣ್ಣನ್ನೇ ನೋಡಿದೆ. ಒಂದಿಷ್ಟು ಅಳುಕು ಕಂಡೀತು, ರೆಪ್ಪೆಯಾದರೂ ಬಾಗೀತು ಎಂದು ಹುಡುಕಿದೆ. ಏನೂ ಇರಲಿಲ್ಲ.

ಮದುವೆ ಕಳೆಯಿತು. ನೆಂಟರು ಹೋದರು. ನಾನು ಕಾದೆ. ಕುರ್ಚಿ ಬಾಡಿಗೆಯವರು ಕುರ್ಚಿ ಒಯ್ದರು, ಗುಬ್ಬಿಯ ಹೊಸ ಸೊಸೆ ಕೊಟ್ಟಿಗೆ ಗುಡಿಸುವುದನ್ನು ಕಲಿತಳು, ಮಳೆ ಬಂದು ನಿಂತಿತು. ಅಲಸಂದೆ ಬಿತ್ತುವ ಹೊತ್ತು ಹತ್ತಿರ ಬಂತು. ಗುಬ್ಬಿ ಬರಲಿಲ್ಲ. ಕೊನೆಗೆ ನಾನೇ ಅವಳನ್ನು ಹಾಲಿನ ಸಾಲಿನಲ್ಲಿ ಹಿಡಿದು ಪಕ್ಕಕ್ಕೆ ಕರೆದೆ.

"ಹೇಳ್ತೀನಿ ಅಂದಿದ್ಯಲ್ಲ ಗುಬ್ಬಿ."

"ಏನನ್ನ?"

"ಲೀಟರ್ ಮಾವನಿಗೆ."

ಅವಳು ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದಳು. ನಾಟಕವಲ್ಲ. ನಾಟಕವಾಗಿದ್ದರೆ ನನಗೆ ತಿಳಿಯುತ್ತಿತ್ತು, ಅವಳ ಚಿಕ್ಕಂದಿನ ಎಲ್ಲ ನಾಟಕವನ್ನೂ ಕಂಡವಳು ನಾನು.

"ಇನ್ನೂ ಅದನ್ನೇ ಹಿಡ್ಕೊಂಡಿದೀಯಾ ಅಕ್ಕ? ಕಾಳು ಸೀದುಹೋಯ್ತು, ಹಾಲು ಇಳೀತು. ಆಗಿದ್ದು ಆಯ್ತು. ನಿನ್ನನ್ನ ಯಾರಾದರೂ ಒಂದು ಮಾತು ಅಂದ್ರಾ? ನಾನು ಅನ್ನೋಕೆ ಬಿಟ್ಟಿದೀನಾ?"

ನನ್ನನ್ನು ಕ್ಷಮಿಸಿದವಳ ಹಾಗೆ ಬೆನ್ನು ತಟ್ಟಿ, ಪಾತ್ರೆ ಎತ್ತಿಕೊಂಡು ಸಾಲಿಗೆ ಹೋಗಿ ನಿಂತಳು. ಅವಳು ಆ ಸುಳ್ಳನ್ನು ನುಂಗಿದ್ದಷ್ಟೇ ಅಲ್ಲ, ಮೆಲುಕು ಹಾಕಿ ಹಾಕಿ ಮೈಗೆ ಹತ್ತಿಸಿಕೊಂಡಿದ್ದಳು. ಇನ್ನು ಕಾದರೆ ನನಗೂ ಅದೇ ನಿಜ ಅನಿಸಬಹುದು. ನನ್ನ ಕೈ ಸೀಯಿಸಿತು ಎಂದು ನಾನೇ ನಂಬಿಬಿಡಬಹುದು. ಒಂದು ಸಲ ನಂಬಿಯೂ ಇದ್ದೆನಲ್ಲ.

ಮನೆಗೆ ಬಂದು ಕನ್ನಡಿಯ ಹಿಂದಿನಿಂದ ಲಕೋಟೆ ತೆಗೆದೆ. ಕಾಗದ ಬಿಡಿಸಿ, ಬಿಟ್ಟಿದ್ದ ಜಾಗದಲ್ಲಿ ಬರೆದೆ: "ಐದನೆಯ ಮನೆಯ ಹಸುಗಳಿಗೆ ಕಾಳು ಹಾಕಲೇ ಇಲ್ಲ. ಒಣ ಹುಲ್ಲು ಮಾತ್ರ ಹಾಕಿದರು. ಹಾಲು ಇಳಿದದ್ದು ಅದಕ್ಕೆ. ಆ ಮನೆ ನನ್ನ ತಂಗಿಯದು. ಬೇಕಾದರೆ ಬಂದು ಆ ಹಸುಗಳ ಮುಂದೆ ಒಂದು ಹಿಡಿ ಕಾಳು ಹಿಡಿದು ನೋಡಿ. ದಯವಿಟ್ಟು ಉಳಿದ ಎರಡು ಕಡೆ ಕೈಬಿಡಬೇಡಿ. ಒಂದೊಂದು ಮನೆಯ ಹಾಲನ್ನು ಬೇರೆ ಬೇರೆಯಾಗಿ ಅಳೆಯಿರಿ." ನನ್ನ ಸಹಿ ಹಾಕಿದೆ. ತಂಗಿಯದು ಎಂಬ ಪದ ಬರೆಯುವಾಗ ಅಕ್ಷರ ಸೊಟ್ಟಗಾಯಿತು. ತಿದ್ದಲಿಲ್ಲ.

ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಲಕೋಟೆಯ ಬಾಯಿಯ ಗೋಂದು ಒಣಗಿಹೋಗಿತ್ತು. ಏನೂ ಕೇಳದೆ ಒಳಗಿಂದ ಅಂಟಿನ ಬಾಟಲಿ ತಂದುಕೊಟ್ಟಳು.

ಅಂಚೆ ಕಚೇರಿಗೆ ಗೋದಾಮಿನ ಮುಂದೆಯೇ ಹೋಗಬೇಕು. ಮೇಜಿನ ಹಿಂದಿದ್ದ ಹುಡುಗ ನನ್ನನ್ನು ಕಂಡು ಎದ್ದು ಹೊರಗೆ ಬಂದ.

"ದೊಡ್ಡಮ್ಮ, ಈ ಬಿಸಿಲಲ್ಲಿ ಎಲ್ಲಿಗೆ?"

"ಅಂಚೆ ಡಬ್ಬಿಗಪ್ಪ."

"ಕೊಡಿ ಇಲ್ಲಿ. ಬೈಕಿದೆ, ಒಂದು ನಿಮಿಷದಲ್ಲಿ ಹಾಕಿ ಬರ್ತೀನಿ. ನೀವು ನೆರಳಲ್ಲಿ ಕೂತ್ಕೊಳ್ಳಿ." ಕೈ ಚಾಚಿದ. ಕೈಯಲ್ಲಿ ಹೊಸ ಉಂಗುರ, ಮುಖದಲ್ಲಿ ನಿಜವಾದ ಅಕ್ಕರೆ. ಅವನಿಗೆ ಏನೂ ಗೊತ್ತಿರಲಿಲ್ಲ. ತಾಯಿ ಹೇಳಿರಲಿಲ್ಲ.

ಕಾಲು ಅಲ್ಲೇ ನಿಂತಿತು. ಲಕೋಟೆಯನ್ನು ಎದೆಗೆ ಒತ್ತಿಕೊಂಡಿದ್ದೆ ಎಂದು ಆಮೇಲೆ ತಿಳಿಯಿತು.

"ಬೇಡಪ್ಪ" ಎಂದೆ. "ಇದನ್ನ ನಾನೇ ಹಾಕ್ಬೇಕು. ನೀನು ಒಳಗೆ ಹೋಗು, ಬಿಸಿಲಿದೆ."

ಅವನು ನಗುತ್ತ ಒಳಗೆ ಹೋದ. ನಾನು ಮುಂದೆ ನಡೆದೆ. ಅಂಚೆ ಡಬ್ಬಿಯ ಬಾಯಿ ಬಿಸಿಲಿಗೆ ಕಾದಿತ್ತು. ಲಕೋಟೆಯನ್ನು ಅರ್ಧ ಒಳಗೆ ತೂರಿಸಿ ಅದರ ಮೂಲೆ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತೆ. ಹಿಂದೆ ಯಾರೋ ಕಾಗದ ಹಿಡಿದು ಬಂದು ನಿಂತರು, ಕೆಮ್ಮಿದರು.

ಬೆರಳು ಬಿಟ್ಟೆ.